ಹುಸೇನನಿಗೆ ಬರೆದ ಶಿಫಾರಸು

“ಮಾಸ್ತರ, ನೀವು ಬರದದ್ದೆಲ್ಲಾ ಖರೆ ಐತಿ. ಆದ್ರ ಇದರಾಗ ನಾ ಎಲ್ಲೂ ಇಲ್ಲರಿ,” ಎಂದು ಹುಸೇನ ನನ್ನ ಪತ್ರವನ್ನು ಮೇಜಿನ ಮೇಲಿಟ್ಟ.

ಇಳಕಲ್ಲಿನ ಹುಸೇನ ಬಾಗಲಕೋಟೆಯ ನಮ್ಮ ಸಾಲೆಯಲ್ಲಿ ನನ್ನ ಕೈಕೆಳಗೆ ಶಿಕ್ಷಕನಾಗಿದ್ದ. ಬಿ.ಎ. ಮುಗಿದಿತ್ತು, ಮುಂಬಯಿಯಲ್ಲಿ ಎಂ.ಎ. ಓದುವ ಹಂಬಲ. ಅಲ್ಲಿ ಅವನನ್ನು ಬಲ್ಲವರಿಲ್ಲ. ಹೆಡ್ ಮಾಸ್ತರನಾದ ನನ್ನ ಶಿಫಾರಸೊಂದೇ ಆಧಾರ. ನಾನು ಎಲ್ಲರಿಗೂ ಬರೆಯುವಂತೆ ‘ಸನ್ನಡತೆಯವನು, ಹೇಳಿದ ಕೆಲಸ ಮಾಡುವವನು’ ಎಂದು ಬರೆದಿದ್ದೆ.

“ಹಂಗಾರ ಏನ್ ಬರೀಲಿ? ಬಾದಾಮಿ ಶಾಸನದ ಮುಂದ ಕುಂತು ಸೋಮವಾರ ಮುಂಜಾನೆ ಸಾಲಿಗೆ ಬರೋ ರೈಲು ತಪ್ಪಿಸ್ಕೊಂಡಾಂವ ಅಂತ ಬರೀಲೇನು?” ಎಂದು ಗದರಿದೆ.

“ಅದನ್ನೇ ಬರೀರಿ,” ಎಂದ.

ಹೊಸ ಹಾಳೆ ತೆಗೆದೆ. ಸವೆದ ಒಂದು ಅಕ್ಷರಕ್ಕಾಗಿ ಅವನು ರವಿವಾರವಿಡೀ ಬಿಸಿಲಲ್ಲಿ ಉಪವಾಸ ಕೂಡುವುದನ್ನು ಬರೆದೆ. ತಪ್ಪಿದ ರೈಲನ್ನೂ ಬಿಡಲಿಲ್ಲ.

ಅವನಿಗೆ ಪ್ರವೇಶ ಸಿಕ್ಕಿತು, ಹೋದ. ದಿನಾ ಸಂಜೆ ಸಾಲೆ ಬಿಟ್ಟ ಮೇಲೆ ಘಟಪ್ರಭೆಯ ದಂಡೆಯವರೆಗೆ ನನ್ನೊಡನೆ ಮಾತಾಡುತ್ತ ನಡೆಯುತ್ತಿದ್ದವನು ಅವನೊಬ್ಬನೇ. ಈಗ ಒಬ್ಬನೇ ನಡೆಯುವಾಗ, ಆ ಪತ್ರವನ್ನು ಅಷ್ಟು ಚೆನ್ನಾಗಿ ಬರೆಯಬಾರದಾಗಿತ್ತು ಎಂದು ಅನಿಸುವುದುಂಟು.