ಸುಣ್ಣ ಹಚ್ಚದ ಕಲ್ಲು

ಕಲ್ಲು ನೋಡಲು ಬರುತ್ತಿದ್ದ ಆ ಸರ್ ಅವರ ಮೊಣಕಾಲು ಒಂಟೆಯ ಮೊಣಕಾಲಿನಂತೆ ಕಪ್ಪಗೆ ಗಡುಸಾಗಿದ್ದವು. ಕಲ್ಲಿನ ಮುಂದೆ ಊರಿ ಊರಿ ಹಾಗಾಗಿದ್ದವು. ಉಗರಗೋಳದ ನಮ್ಮ ಹೊಲದ ಬದುವಿನ ಮೇಲೆ ಅವರನ್ನು ಮೊದಲ ಸಲ ಕಂಡಾಗ, ಗುಡ್ಡದ ದೇವರಿಗೆ ಬಂದ ಯಾರೋ ದಾರಿ ತಪ್ಪಿದ್ದಾರೆ ಅಂದುಕೊಂಡೆ.

"ಗುಡಿ ಮ್ಯಾಲೈತ್ರಿ," ಎಂದೆ.

"ಗುಡಿಗೆ ಹೋದ್ರ ಇದು ಸಿಗಂಗಿಲ್ಲ ತಂಗೆವ್ವ," ಎಂದು ಭೂತಗನ್ನಡಿ ಕೊಟ್ಟರು. ಕಲ್ಲಿಗೆ ಬೂದು ಬಣ್ಣದ್ದೊಂದು ಅಂಟಿತ್ತು. ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವಂತೆ. ನನಗೆ ಗಾಯದ ಹಕ್ಕಳೆ ಕಂಡಂತಾಯಿತು. ಹಾಗೇ ಹೇಳಿದೆ. ನಕ್ಕರು.

ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಗಿಡಗಳ ಪಾಠ ಹೇಳುತ್ತಿದ್ದರು. ಹತ್ತಿಯ ಮೇಲೋ ಜೋಳದ ಮೇಲೋ ಕೆಲಸ ಮಾಡಿದ ಜೊತೆಯವರೆಲ್ಲ ದೊಡ್ಡ ಹುದ್ದೆಗೆ ಏರಿದರು. ಇವರು ಕಲ್ಲುಹೂವು ಹಿಡಿದು ಕೂತು, ಸೇರಿದ ಕುರ್ಚಿಯಲ್ಲೇ ನಿವೃತ್ತರಾದರು. ಕಿತ್ತೂರಿನ ಕೋಟೆಗೋಡೆ, ರಾಮದುರ್ಗದ ಗುಡ್ಡ ಎಲ್ಲ ತಿರುಗಿದವರು. ನಮ್ಮ ಬದುವಿನ ಗುಂಡುಕಲ್ಲಿಗೆ ಮಾತ್ರ ವರ್ಷ ತಪ್ಪದೆ ಸೀಗಿ ಹುಣ್ಣಿಮೆಯ ಮರುದಿನ ಬರುತ್ತಿದ್ದರು. ಅದರ ಮೇಲೆ ಉಳಿಯಿಂದ ಎರಡು ಚುಕ್ಕಿ ಹೊಡೆದಿದ್ದರು. ನಡುವಿನ ಹಕ್ಕಳೆಯ ಅಂಚನ್ನು ತೆಳು ಹಾಳೆಯಲ್ಲಿ ಬರೆದುಕೊಂಡು, ಹಳೆಯ ಹಾಳೆಯ ಮೇಲಿಟ್ಟು ಎಷ್ಟು ಬೆಳೆಯಿತೆಂದು ನೋಡುತ್ತಿದ್ದರು. ನನಗಂತೂ ಅದು ಬೆಳೆದದ್ದೇ ಕಾಣಲಿಲ್ಲ.

"ಅವಸರಿಲ್ಲದ್ದು ಇದೊಂದ ನೋಡು," ಎನ್ನುತ್ತಿದ್ದರು.

ಹಾಗೆ ಹತ್ತೊಂಬತ್ತು ಹಾಳೆಗಳಾದವು.

ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುತ್ತೇವೆ. ಇಪ್ಪತ್ತನೆಯ ವರ್ಷ ಒಳ್ಳೆಯ ಕಲ್ಲು ನಾಲ್ಕೇ ಸಿಕ್ಕವು. ಐದನೆಯದಕ್ಕೆ ಸರ್ ಅವರ ಕಲ್ಲನ್ನೇ ಎತ್ತಿದೆ. ಚುಕ್ಕಿ ಕಂಡಿದ್ದವು. ಗುಡ್ಡದ ತುಂಬ ಕಲ್ಲಿವೆ, ಅವರಿಗೇನು ಬರ ಅಂದುಕೊಂಡೆ. ನಾರು ಹಾಕಿ ಹಕ್ಕಳೆ ಹೋಗುವಂತೆ ತಿಕ್ಕಿ, ಸುಣ್ಣ ಬಳಿದೆ.

ಮರುದಿನ ಬಂದವರು ಬದುವಿನ ಉದ್ದಕ್ಕೂ ಹುಡುಕಿದರು. ಕೊನೆಗೆ ಪಾಂಡವರ ಮುಂದೆ ಮೊಣಕಾಲೂರಿ, ಸುಣ್ಣದ ಕೆಳಗಿನ ಚುಕ್ಕಿಗಳನ್ನು ಬೆರಳಿಂದ ತಡವಿದರು.

"ಬೈಯ್ರಿ ಸರ್," ಎಂದೆ.

"ಬೈದ್ರ ತಿರುಗಿ ಬರತೈತೇನು?"

ಪುಸ್ತಕದಲ್ಲಿ ಏನೋ ಬರೆದರು.

"ನನ್ನ ಹೆಸರ ಬರದ್ರೇನ್ರಿ?"

"ಇಲ್ಲ. ಪೂಜಾದಾಗ ಹೋತು ಅಂತಷ್ಟ ಬರದೇನಿ."

ತಂಬಿಗೆಯ ನೀರು ಹಾಕಿ ತಾವೇ ಕಲ್ಲು ತೊಳೆದು, ಬದುವಿನ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟರು. "ಬರೇ ಕಲ್ಲಿನ ಮ್ಯಾಲೆ ಅದು ಎಂದ ಹುಟ್ಟತೈತಿ ಅಂತ ನೋಡೂದೈತಿ. ಅಷ್ಟ ದಿನಾ ನಾ ಇರಂಗಿಲ್ಲ. ನೀ ನೋಡು."

"ನಾನೇನ್ ನಿಮಗಿಂತ ಬಾಳ ಸಣ್ಣಾಕಿ ಅಲ್ರಿ."

"ಹಂಗ ಕಲ್ಲು ತಿಕ್ಕಾಕ ರಟ್ಟ್ಯಾಗ ಕಸುವೈತಲ್ಲ. ಇರತಿ."

ಭೂತಗನ್ನಡಿ ನನ್ನ ಬಳಿಯೇ ಬಿಟ್ಟು ಹೋದರು. ಆಮೇಲೂ ನಾಲ್ಕು ವರ್ಷ ಬಂದು ಬರಿಗಲ್ಲು ನೋಡಿ ಹೋದರು. ಐದನೆಯ ವರ್ಷ ಅವರ ಹೆಂಡತಿಯ ಫೋನ್ ಬಂತು. ಉಸಿರಿನ ಬೇನೆಯಲ್ಲಿ ಹೋದರಂತೆ. ನಾನು ಅಳಲಿಲ್ಲ. ಹೊಲಕ್ಕೆ ಹೋಗಿ ಗಾಜು ಹಿಡಿದು ನೋಡಿದೆ. ಏನೂ ಹುಟ್ಟಿರಲಿಲ್ಲ. ಇಂದಿಗೂ ಹುಟ್ಟಿಲ್ಲ.

ಕಳೆದ ಸೀಗಿ ಹುಣ್ಣಿಮೆಗೆ ಹೊಸದಾಗಿ ಬಂದ ಸೊಸೆ ಸುಣ್ಣದ ಬಟ್ಟಲು ಹಿಡಿದು, "ಅತ್ತಿ, ನಿಮ್ಮ ಹೊಲದಾಗ ಪಾಂಡವರು ನಾಕ ಮಂದಿ ಏನ್ರಿ?" ಎಂದಳು.

ಬದುವಿನ ಕಡೆ ತೋರಿಸಿದೆ. "ಐದನೇದ್ದು ಅಲ್ಲೈತಿ. ಕಡಬು ಇಟ್ಟು ಬಾ. ಕೈ ಹಚ್ಚಬ್ಯಾಡ."