ಬಾಗ್ಲವ್ವನ ಮೂಗು

ನಮ್ಮ ಬಾವನವರಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಚರಿತ್ರೆಯ ಹುಚ್ಚು ಹತ್ತಿದ್ದು ಹಂಪಿಯಲ್ಲಿ. ಅಲ್ಲಿಯವರೆಗೆ ಅವರಿಗೆ ಗೊತ್ತಿದ್ದ ಪುರಾತನ ಕಾಲವೆಂದರೆ ಪಕ್ಕದ ಗದ್ದೆಯವರ ಜೊತೆ ಬದುವಿನ ಜಗಳ ಶುರುವಾದ ಕಾಲ. ಯಾರದೋ ಮದುವೆಗೆಂದು ಆ ಕಡೆ ಹೋದವರು ಕಲ್ಲಿನ ರಥದ ಮುಂದೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತು ಫೋಟೋ ತೆಗೆಸಿಕೊಂಡರು ನೋಡಿ, ಬೇರೆಯೇ ಮನುಷ್ಯರಾಗಿ ವಾಪಸ್ಸು ಬಂದರು. ಆಮೇಲೆ ಪಟ್ಟದಕಲ್ಲಿಗೆ ಹೋದರು. ಹೀಗೆ ತಿರುಗಾಡಿ ಊರಿಗೆ ಬಂದಾಗಲೆಲ್ಲ ಅರಳಿಕಟ್ಟೆಯ ಮೇಲೆ ಕೂತು, ನಮ್ಮ ಜನಕ್ಕೆ ಪರಂಪರೆಯ ಬೆಲೆ ಗೊತ್ತಿಲ್ಲ ಎಂದು ನೊಂದುಕೊಳ್ಳುತ್ತಿದ್ದರು. ಕೇಳುವವರು ಕೈಲಿದ್ದ ಬೀಡಿ ಆರುವ ತನಕ ಕೇಳುತ್ತಿದ್ದರು.

ಪರಂಪರೆ ನಮ್ಮೂರಲ್ಲೂ ಒಂದಿಷ್ಟು ಇತ್ತು. ನಮ್ಮದು ಮಿರ್ಲೆಯ ಹತ್ತಿರದ ನಾಲೆ ಬಯಲಿನ ಊರು. ಊರ ತುದಿಯಲ್ಲಿ ಒಂದು ಹಳೇ ಈಶ್ವರನ ಗುಡಿ. ತಲೆ ಬಗ್ಗಿಸದೆ ಒಳಗೆ ಹೋದವರಿಗೆ ಹಣೆಯಲ್ಲಿ ಬೋರೆ ಖಂಡಿತ. ಬಾಗಿಲ ಪಕ್ಕದಲ್ಲಿ ಸೊಂಟದೆತ್ತರದ ಬಳಪದ ಕಲ್ಲು, ಅದರಲ್ಲಿ ಕೆತ್ತಿದ, ಚಾಮರ ಹಿಡಿದು ನಿಂತ ಒಬ್ಬ ಹೆಂಗಸು. ಊರಿನವರು ಅವಳನ್ನು ಬಾಗ್ಲವ್ವ ಅನ್ನುತ್ತಿದ್ದರು. ಊರಿಗೆ ಹೊಸ ಸೊಸೆ ಬಂದರೆ ಗಂಡನ ಮನೆಯ ಹೊಸಿಲು ದಾಟುವ ಮೊದಲು ಬಾಗ್ಲವ್ವನ ಕೆನ್ನೆಗೆ ಅರಿಶಿನ ಹಚ್ಚಬೇಕು. ನಾನೂ ಹಚ್ಚಿದ್ದೆ. ನನ್ನ ಅತ್ತೆ ಅವರ ಕಾಲದಲ್ಲಿ ಹಚ್ಚಿದ್ದರು, ಅಂದಿನಿಂದ ದಿನವೂ ಅವಳ ಮುಂದೆ ಗುಡಿಸಿ ದೀಪ ಇಡುತ್ತಿದ್ದರು. ಒಳಗಿನ ಈಶ್ವರನ ಹತ್ತಿರ ಅತ್ತೆ ಬೇಡಿಕೊಳ್ಳುತ್ತಿದ್ದರು, ಬಾಗ್ಲವ್ವನ ಹತ್ತಿರ ಹೇಳಿಕೊಳ್ಳುತ್ತಿದ್ದರು. ನನ್ನ ಮೇಲಿನ ದೂರುಗಳೂ ಅವಳಿಗೇ ಹೋಗುತ್ತಿದ್ದವು ಅಂತ ನನಗೆ ಗೊತ್ತು.

ಈ ಗುಡಿಯನ್ನು ಕೆಡವಿ ಹೊಸದಾಗಿ ಕಟ್ಟಬೇಕೆಂದು ಸಮಿತಿ ಆಯಿತು, ಬಾವನವರೇ ಅಧ್ಯಕ್ಷರಾದರು. ಅತ್ತೆ ಮಗನಿಗೆ ಒಂದೇ ಮಾತು ಹೇಳಿದರು: ಗುಡಿ ಏನಾದರೂ ಮಾಡಿಕೊಳ್ಳಿ, ಬಾಗ್ಲವ್ವನನ್ನು ಮಾತ್ರ ಮುಟ್ಟಬೇಡಿ. ಬಾವ ತಲೆಯಾಡಿಸಿದರು. ತಲೆಯಾಡಿಸುವುದಕ್ಕೂ ಒಪ್ಪುವುದಕ್ಕೂ ನಮ್ಮ ಮನೆಯ ಗಂಡಸರಲ್ಲಿ ಯಾವ ಸಂಬಂಧವೂ ಇಲ್ಲ.

ಕಟ್ಟುವ ಮುಂಚೆ ದೊಡ್ಡವರು ಕಟ್ಟಿದ್ದನ್ನು ನೋಡಿ ಕಲಿಯಬೇಕು ಎಂದು ಬಾವ ಟಿಟಿ ಗಾಡಿ ಗೊತ್ತು ಮಾಡಿದರು. ಬೇಲೂರು, ಹಳೇಬೀಡು, ಸೋಮನಾಥಪುರ ಆಗಷ್ಟೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದವು. ಸಮಿತಿಯ ಗಂಡಸರ ಜೊತೆಗೆ ಪುಳಿಯೋಗರೆ ಕಟ್ಟಿಕೊಂಡು ನಾವು ಹೆಂಗಸರು. ಬೇಲೂರಿನಲ್ಲಿ ಸಮಿತಿಯ ಒಬ್ಬರು ಕಂಬ ಸವರಿ, ಪಾಲಿಶ್ ಚೆನ್ನಾಗಿ ಹೊಡೆದಿದ್ದಾರೆ ಎಂದು ಮೆಚ್ಚಿಕೊಂಡರು. ಹಳೇಬೀಡಿನಲ್ಲಿ ಇನ್ನೊಬ್ಬರು ಇಷ್ಟು ಜಾಗದಲ್ಲಿ ಒಂದು ಸಮುದಾಯ ಭವನ ಬರುತ್ತಿತ್ತು ಎಂದರು. ಗೈಡ್ ಬಾಯಿ ತೆರೆಯುವ ಮೊದಲೇ ಬಾವ ವಾಟ್ಸಾಪಿನಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿಬಿಡುತ್ತಿದ್ದರು. ಪಾಪ, ಗೈಡ್ ನಮ್ಮ ಜೊತೆ ನಿಂತು ಪಾಠ ಕೇಳುತ್ತಿದ್ದ.

ಸೋಮನಾಥಪುರದಲ್ಲಿ ಬಾವನವರಿಗೆ ನಿಜವಾಗಿಯೂ ಸಂಕಟವಾಯಿತು. ಹೊರಗೋಡೆಯ ಎಷ್ಟೋ ಮೂರ್ತಿಗಳಿಗೆ ಮೂಗಿಲ್ಲ, ಕೆಲವಕ್ಕೆ ಕೈಯಿಲ್ಲ. ಶತ್ರುಗಳು ಒಡೆದದ್ದು ಎಂದು ಗೈಡ್ ಹೇಳಿದ್ದೇ ತಡ, ಬಾವನವರ ಕಣ್ಣು ಕೆಂಪಾಯಿತು.

"ಎಂಥಾ ಕಟುಕ್ರು ಕಣ್ರೀ. ಇಂಥಾ ಮೂಗು ಒಡ್ಯಾಕೆ ಕೈ ಎಂಗ್ ಬಂತು ಅವ್ರಿಗೆ?" ಎಂದವರು, ಮೂಗಿಲ್ಲದ ಮೂರ್ತಿಗಳಿಗೆಲ್ಲ ಕೈಮುಗಿದು, ಮುಗಿದ ಕೈಯ ಫೋಟೋವನ್ನೂ ತೆಗೆಸಿಕೊಂಡರು.

ಅತ್ತೆಗೆ ಬೇರೆ ಚಿಂತೆ. ಅಷ್ಟು ದೊಡ್ಡ ಗುಡಿಯಲ್ಲಿ ಯಾರೂ ದೀಪ ಹಚ್ಚುವುದಿಲ್ಲವೇ ಎಂದು ಗೈಡನ್ನು ಕೇಳಿದರು. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ ಎಂದು ಅವನು ಹೇಳಿದ. ವಾಪಸ್ಸು ಬರುವಾಗ ಬನ್ನೂರು ದಾಟುವ ತನಕ ಅತ್ತೆ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದರು.

ವಿಶ್ವ ಪರಂಪರೆಯನ್ನು ಹೀಗೆ ಕಲಿತು ಬಂದ ಸಮಿತಿ ಮುಂದಿನ ವಾರವೇ ಜೆಸಿಬಿ ತರಿಸಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಅತ್ತೆ ಗದ್ದೆಯಿಂದ ಓಡಿ ಬರುವ ಹೊತ್ತಿಗೆ ಗುಡಿ ಒಂದು ರಾಶಿ ಕಲ್ಲಾಗಿತ್ತು. ಬಾಗ್ಲವ್ವನನ್ನು ಪಕ್ಕಕ್ಕೆ ಸರಿಸಿ ಎಂದು ಬಾವನವರೇ ನಿಂತು ಹೇಳಿದ್ದರಂತೆ. ಯಂತ್ರದ ಹಲ್ಲು ತಗುಲಿ ಅವಳು ಮುಖ ಅಡಿಯಾಗಿ ಬಿದ್ದಿದ್ದಳು. ಎತ್ತಿ ನಿಲ್ಲಿಸಿದಾಗ ಕೆನ್ನೆಯಲ್ಲಿ ಅರಿಶಿನ ಇತ್ತು, ಮೂಗು ಇರಲಿಲ್ಲ. ನನಗೆ ಅಲ್ಲೇ ಅಳು ಬಂತು. ಅತ್ತೆ ಅಳಲಿಲ್ಲ, ಮಣ್ಣಿನಲ್ಲಿ ಕೂತು ಮೂಗಿನ ಚೂರು ಹುಡುಕಿದರು. ಸಿಗಲಿಲ್ಲ. ಸಿಮೆಂಟಿನಲ್ಲಿ ಒಂದು ಮೂಗು ಮಾಡಿಕೊಡುತ್ತೇನೆ ಎಂದು ಮೇಸ್ತ್ರಿ ಮುಂದೆ ಬಂದ. ಅತ್ತೆ ಅವನನ್ನು ಒಮ್ಮೆ ನೋಡಿದರು, ಅವನು ಕರಣೆ ಕೆಳಗಿಟ್ಟ.

ಬಾವನವರಿಗೆ ಈಗ ಶಾಸ್ತ್ರ ನೆನಪಾಯಿತು. ಭಿನ್ನವಾದದ್ದನ್ನು ಹೊಸ ಗುಡಿಯಲ್ಲಿ ಇಡುವ ಹಾಗಿಲ್ಲ, ಕಾವೇರಿಯಲ್ಲಿ ಬಿಟ್ಟುಬಿಡೋಣ ಎಂದು ಟ್ರ್ಯಾಕ್ಟರ್ ತರಿಸಿದರು. ಅತ್ತೆ ಕಲ್ಲಿಗೆ ಬೆನ್ನು ಕೊಟ್ಟು ಕೂತರು.

"ಸೋಮ್ನಾಥ್‌ಪುರ್ದಲ್ಲಿ ಮೂಗಿಲ್ದೋವ್ಕೆಲ್ಲ ಕೈಮುಗ್ದು ಫೋಟೋ ತಗಸ್ಕಂಡ್ಯಲ್ಲಪ್ಪ," ಎಂದರು. "ಮೊದ್ಲು ಓಗಿ ಅವ್ನೆಲ್ಲ ಒಳೆಗಾಕ್ ಬಾ. ಆಮ್ಯಾಲೆ ಇವಳ್ನ ಎತ್ಕಂಡೋಗು."

ಟ್ರ್ಯಾಕ್ಟರ್ ಹೇಗೂ ಬಂದಿತ್ತು, ಬಾಗ್ಲವ್ವ ಅದರಲ್ಲೇ ನಮ್ಮ ಹಿತ್ತಲಿಗೆ ಬಂದಳು. ಅತ್ತೆ ಅವಳನ್ನು ನುಗ್ಗೆ ಮರದ ಪಕ್ಕದಲ್ಲಿ ನಿಲ್ಲಿಸಿ, ಅಂದು ಸಂಜೆಯೇ ದೀಪ ಇಟ್ಟರು. ಭಿನ್ನವಾದದ್ದಕ್ಕೆ ಪೂಜೆ ಇಲ್ಲವಲ್ಲ ಎಂದು ನಾನು ಮೆಲ್ಲಗೆ ಕೇಳಿದೆ. ಮೂಗು ಹೋದರೆ ಕಿವಿ ಕೇಳಿಸುವುದಿಲ್ಲವೇ ಎಂದರು.

ಹೊಸ ಗುಡಿ ಎದ್ದಿತು. ಗ್ರಾನೈಟ್ ನೆಲ, ಸ್ಟೀಲ್ ಕಂಬಿ, ಗೋಡೆಗೆ ಬಚ್ಚಲುಮನೆಯ ಟೈಲ್ಸ್, ನಂದಿಯ ಕಣ್ಣಿಗೆ ನೀಲಿ ಬಣ್ಣ. ಬಾವನವರ ಹೆಸರಿನ ಫಲಕ ನಂದಿಗಿಂತ ಒಂದು ಗೇಣು ಎತ್ತರ. ತಲೆ ಬಗ್ಗಿಸದೆ ಒಳಗೆ ಹೋಗಬಹುದು, ಅದೊಂದು ಅನುಕೂಲ. ಆದರೆ ಹೊಸ ಸೊಸೆಯರು ಮಾತ್ರ ಅರಿಶಿನದ ಬಟ್ಟಲು ಹಿಡಿದು ನಮ್ಮ ಹಿತ್ತಲಿಗೇ ಬರುತ್ತಾರೆ.

ಈ ವರ್ಷ ಬಾವನವರ ಮಗನ ಮದುವೆಯಾಯಿತು. ಹುಡುಗಿ ಬೆಟ್ಟದಪುರದ ಕಡೆಯವಳು. ಮನೆ ತುಂಬಿಸಿಕೊಳ್ಳುವ ಮೊದಲು ಅವಳೂ ಹಿತ್ತಲಿಗೆ ಬಂದು ಬಾಗ್ಲವ್ವನ ಕೆನ್ನೆಗೆ ಅರಿಶಿನ ಹಚ್ಚಿದಳು. ಜೊತೆಗೆ ಬಂದಿದ್ದ ಬೀಗಿತ್ತಿ ಕಲ್ಲನ್ನು ಬಗ್ಗಿ ನೋಡಿ, ಇಷ್ಟು ಲಕ್ಷಣವಾದ ಮುಖದ ಮೂಗು ಯಾರು ಒಡೆದರು ಎಂದು ಮರುಗಿದರು. ಬಾವ ಕಾಫಿ ಲೋಟ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಗಂಟಲು ಸರಿಮಾಡಿಕೊಂಡು, ಥೇಟ್ ಸೋಮನಾಥಪುರದ ಗೈಡಿನ ಧಾಟಿಯಲ್ಲಿ ಶುರು ಮಾಡಿದರು.

"ಆಗಿನ್ ಕಾಲ್ದಲ್ಲಿ ಶತ್ರುಗಳು ದಂಡೆತ್ತಿ ಬಂದಿದ್ರು ಕಣ್ರೀ. ಅವ್ರು ಒಡ್ದಾಕವ್ರೆ."

ಅತ್ತೆ ದೀಪದ ಬತ್ತಿ ಸರಿಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಶತ್ರು ದೂರ್ದಿಂದೇನೂ ಬರ್ನಿಲ್ಲ ಕಣವ್ವ," ಎಂದರು ಬೀಗಿತ್ತಿಗೆ. "ಅಗೋ, ಕಾಫಿ ಕುಡೀತಾ ಕುಂತವ್ನಲ್ಲ, ನನ್ನೊಟ್ಟೇಲೇ ಉಟ್ದೋನು."