ದನಿ ನಿಲ್ಲುವ ಜಾಗ

ಬಿಷ್ಕೇಕಿನ ಕಾರು ಸಂತೆಯ ಹಿಂದಿನ ಸಾಲಿನಲ್ಲಿ ನನ್ನದು ಸೀಟಿನ ಹೊದಿಕೆ ಹೊಲಿಯುವ ಅಂಗಡಿ. ಪಕ್ಕದ್ದು ಸುಯೂನ್‌ಬೆಕ್‌ನದು. ಇಬ್ಬರದೂ ಹಳೆಯ ಕಬ್ಬಿಣದ ಕಂಟೇನರುಗಳು, ನಡುವೆ ಇರುವುದು ಎರಡು ತಗಡು. ನನ್ನ ಹೊಲಿಗೆ ಯಂತ್ರದ ಗದ್ದಲ ಅವನಿಗೆ, ಅವನ ಹಾಡುಗಳ ಗದ್ದಲ ನನಗೆ. ಹಾಗೆಯೇ ಬಹಳ ವರ್ಷ ಕಳೆದೆವು. ನಾನು ಅವನಿಗಿಂತ ಸ್ವಲ್ಪ ದೊಡ್ಡವಳು. ಅವನು ನನ್ನನ್ನು ಮುನಿರಾ ಎಜೆ ಎನ್ನುತ್ತಾನೆ, ಅಕ್ಕನಿಗೆ ಕಿರ್ಗಿಜರು ಹಾಗೆ ಅನ್ನುವುದು. ನಾನು ಸುಯೂನ್ ಎನ್ನುತ್ತೇನೆ.

ಕಾರಿಗೆ ಸ್ಪೀಕರು ಕೂರಿಸುವವರು ನಮ್ಮ ಸಾಲಿನಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಡಿಕ್ಕಿಯಲ್ಲಿ ಇಡುವ ದೊಡ್ಡ ಪೆಟ್ಟಿಗೆಯ ಬಗ್ಗೆ ಮಾತಾಡುತ್ತಾರೆ, ಕಾರಿನ ಗಾಜು ನಡುಗಬೇಕು ಎನ್ನುತ್ತಾರೆ. ಸುಯೂನ್ ತಲೆ ಕೆಡಿಸಿಕೊಳ್ಳುತ್ತಿದ್ದದ್ದು ಟ್ವೀಟರಿನ ಬಗ್ಗೆ. ಅದು ಕೋಟಿನ ಗುಂಡಿಗಿಂತ ಒಂದಿಷ್ಟು ದೊಡ್ಡದಾದ ಸ್ಪೀಕರು. ತಂತಿ ಮೀಟಿದ ಸದ್ದು, ಹಾಡುವವರ ತುಟಿಯ ಸದ್ದು, ಇಂಥ ತೆಳುವಾದ ಸ್ವರಗಳೆಲ್ಲ ಬರುವುದು ಅದರಿಂದ.

"ದೊಡ್ಡದನ್ನ ಎಲ್ಲಿಟ್ಟರೂ ನಡೆಯುತ್ತೆ," ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ. "ಇದನ್ನ ತಪ್ಪು ಜಾಗದಲ್ಲಿ ಇಟ್ಟರೆ ಹಾಡೋನ ಗಂಟಲು ಬಾಗಿಲಲ್ಲಿ, ನಾಲಿಗೆ ಕಿಟಕೀಲಿ. ಹೆಣಾನ ಎರಡು ಕಡೆ ಹಂಚಿದ ಹಾಗೆ."

"ಅಯ್ಯೋ, ಏನ್ ಬಾಯ್ಕೆ, ಬೆಳಬೆಳಿಗ್ಗೆ!" ಎಂದು ಹುಡುಗರು ನಗುತ್ತಿದ್ದರು. ಬಾಯ್ಕೆ ಎಂದರೆ ಅಣ್ಣ.

ಮಧ್ಯಾಹ್ನದ ಮೇಲೆ ಅವನ ಹೆಂಡತಿ ಬುರುಲ್ಚಾ ಬರುತ್ತಿದ್ದಳು. ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವ ಕೆಲಸ ಅವಳದು. ಬರುವಾಗ ಚೀಲದಲ್ಲಿ ಮಕ್ಕಳು ಬೊಂಬೆ ಮಾಡುವ ಬಣ್ಣದ ಮೇಣ ಇರುತ್ತಿತ್ತು. ಕೆಂಪು, ಹಸಿರು ಎಲ್ಲ ಕಲಸಿ ಕಂದಾಗಿಹೋದ ಮುದ್ದೆ. ಆ ಮೇಣದಿಂದಲೇ ಅವನು ಟ್ವೀಟರನ್ನು ಒಂದು ಕಡೆ ಅಂಟಿಸಿ ನೋಡುವುದು, ಕಿತ್ತು ಇನ್ನೊಂದು ಕಡೆ ಅಂಟಿಸುವುದು. ರಂಧ್ರ ಕೊರೆಯುವುದು ಕೊನೆಗೆ. ಬುರುಲ್ಚಾ ಕೋಟು ಕೂಡ ಬಿಚ್ಚದೆ ಚಾಲಕನ ಸೀಟಿನಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದಳು.

"ಎಲ್ಲಿದಾನೆ?" ಎಂದು ಅವನು ಕೇಳುವನು.

"ನನ್ನ ಮಂಡಿ ಮೇಲೆ ಕೂತಿದಾನೆ. ನಾಚಿಕೆ ಇಲ್ಲದೋನು. ಮೇಲೆ ಎಬ್ಬಿಸು."

ಅವನು ಜರುಗಿಸುವನು. "ಈಗ?"

"ಈಗ ಕಿಟಕಿಗೆ ನೇತಾಡ್ತಿದಾನೆ. ಒಳಗೆ ಕರಿ, ಚಳಿ ಹಿಡಿದೀತು."

ಹೀಗೆ ಹಾಡುವವನು ಕಾರಿನ ಮುಂದಿನ ಗಾಜಿನ ನಡುವೆ, ಕಣ್ಣಿನ ಎತ್ತರಕ್ಕೆ ಬಂದು ನಿಲ್ಲುವವರೆಗೂ ನಡೆಯುತ್ತಿತ್ತು. ಗಿರಾಕಿಗಳಿಗೆ ಇದೊಂದು ಮೋಜು. ಗಂಡ ಹೆಂಡಿರ ಸಲಿಗೆ ಎಂದು ನಾನು ತಿಳಿದಿದ್ದೆ. ಮಕ್ಕಳಿಲ್ಲದವರು, ಹೀಗೆ ಆಡಿಕೊಂಡಿರುತ್ತಾರೆ ಎಂದುಕೊಂಡಿದ್ದೆ.

ಬುರುಲ್ಚಾ ಸತ್ತದ್ದು ಮಾರ್ಚಿನಲ್ಲಿ. ನೂರುಜ್ ಹಬ್ಬಕ್ಕೆ ಮಕ್ಕಳ ಹಾಡು ನಡೆಯುತ್ತಿತ್ತು. ಪಿಯಾನೋ ಮುಂದೆ ಕೂತಿದ್ದವಳು ತಲೆನೋವು ಎಂದಳಂತೆ. ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗುವ ಪುಟ್ಟ ಮಂಚದ ಮೇಲೆ ಮಲಗಿದಳು. ಮಂಚ ಸಾಲದೆ ಕಾಲುಗಳು ಹೊರಗೆ ಚಾಚಿದ್ದವು. ಮತ್ತೆ ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದು ವೈದ್ಯರು ಹೇಳಿದರು.

ಅವರ ಐದಂತಸ್ತಿನ ಕಟ್ಟಡದ ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತು. ಅವಳನ್ನು ಅದರೊಳಗೆ ಮಲಗಿಸಿದ್ದರು. ಒಳಗೆ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು ಸತ್ತವಳ ಗುಣ ಹೇಳಿ ಹಾಡುತ್ತಾ ಅಳುತ್ತಿದ್ದರು. ಹೊರಗೆ ಗಂಡಸರು ನಡುಕಟ್ಟು ಬಿಗಿದು, ಕೋಲಿನ ಮೇಲೆ ಬಾಗಿ ನಿಂತಿದ್ದರು. ಯಾರಾದರೂ ನೆಂಟರು ಅಂಗಳದೊಳಗೆ ಕಾಲಿಟ್ಟ ಕೂಡಲೇ ಈ ಗಂಡಸರು ದನಿ ಎತ್ತಿ ಗೋಳಿಡಬೇಕು, ಬರುವವರೂ ಗೋಳಿಡುತ್ತಲೇ ಬರಬೇಕು. ಬುರುಲ್ಚಾಳ ತಮ್ಮ ಕಾಸಿಮಾಲಿ ಗಂಟಲು ಹರಿಯುವಂತೆ ಕೂಗಿದ. ನಾರೀನ್ ಊರಿಗೆ ಬಾಡಿಗೆ ಕಾರು ಓಡಿಸುವವನು, ಎದೆ ಅಗಲದ ಮನುಷ್ಯ. "ನನ್ನಕ್ಕಾ, ನನ್ನ ಬೆಳಕೇ" ಎಂಬ ಅವನ ಕೂಗು ನಾಲ್ಕು ಕಟ್ಟಡದಾಚೆಗೂ ಕೇಳುತ್ತಿತ್ತು. ಅವನ ಪಕ್ಕದಲ್ಲೇ ಸುಯೂನ್ ನಿಂತಿದ್ದ. ಬಾಯಿ ತೆರೆದಿದ್ದ, ದನಿ ಬರಲಿಲ್ಲ. ನೆಂಟರು ಬಂದರು, ಹೋದರು, ಮತ್ತೆ ಬಂದರು. ಅವನು ಪ್ರತಿ ಸಲವೂ ಬಾಯಿ ತೆರೆದ. ಏನೂ ಬರಲಿಲ್ಲ.

ಹೂಳಿ ಬಂದ ಮೇಲೆ ಊಟಕ್ಕೆ ಕೂತಾಗ ಕಾಸಿಮಾಲಿ ಎಲ್ಲರೆದುರು ಅಂದುಬಿಟ್ಟ: "ನಮ್ಮಕ್ಕ ಇಷ್ಟು ವರ್ಷ ಒಂದು ಕಲ್ಲಿನ ಜೊತೆ ಬಾಳಿದಳು."

ಸುಯೂನ್ ತಲೆ ಎತ್ತಿ ನೋಡಿ, ತಟ್ಟೆಯ ಕಡೆಗೆ ತಿರುಗಿದ. ಆವತ್ತಿನಿಂದ ಕಾಸಿಮಾಲಿ ಅವನ ಮನೆಗೂ ಅಂಗಡಿಗೂ ಬರುವುದು ಬಿಟ್ಟ.

ಸುಯೂನ್ ಬೇಗನೆ ಅಂಗಡಿ ತೆರೆದ. ಜನ ಅದಕ್ಕೂ ಮಾತಾಡಿಕೊಂಡರು. ಮನೆಯಲ್ಲಿ ಕೂತು ಏನು ಮಾಡಲಿ ಎಂದು ನನಗೆ ಹೇಳಿದ, ಅಷ್ಟೇ. ಬೆಳಿಗ್ಗೆ ಬಂದು ತಗಡಿನ ಬಾಗಿಲು ಎಳೆಯುವನು, ಕೆಲಸ ಮಾಡುವನು, ನಾನು ಕೊಟ್ಟ ಲಗ್ಮಾನ್ ಶಾವಿಗೆ ಅರ್ಧ ತಿಂದು ಬಟ್ಟಲು ತೊಳೆದು ವಾಪಸು ಇಡುವನು. ಯಾರಾದರೂ ನಗೆಯ ಮಾತು ಹೇಳಿದರೆ ನಗುವ ಹೊತ್ತಿಗೆ ಸರಿಯಾಗಿ ನಗುವನು. ಮೇಣದ ಮುದ್ದೆ ಕಾಣಲಿಲ್ಲ. ಯಾವ ಕಾರು ಬಂದರೂ ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ ಟ್ವೀಟರು, ಅದೂ ನೇರವಾಗಿ ಸೀಟಿನ ಕಡೆಗೆ. ಕೊರೆ, ಕೂರಿಸು, ಮುಗಿಯಿತು. ಒಂದು ದಿನ ಬೇಕಿದ್ದ ಕೆಲಸ ಊಟದೊಳಗೆ ಮುಗಿಯುತ್ತಿತ್ತು. ಯಾರೂ ದೂರಲಿಲ್ಲ. ಅವನು ಕೇಳಿಯೂ ನೋಡುತ್ತಿರಲಿಲ್ಲ.

ಗುಡ್ಡದ ಮೇಲೆ ಹಿಮ ಕಾಣಿಸುವ ಹೊತ್ತಿಗೆ, ಒಂದು ಬೆಳಿಗ್ಗೆ ಕಾಸಿಮಾಲಿ ಬಂದ. ಹೊಸದಾಗಿ ಕೊಂಡ ಜಪಾನಿನ ಕಾರು, ಬಲಗಡೆ ಸ್ಟೀರಿಂಗಿನದು, ಹಿಂದೆ ಎರಡು ಸಾಲು ಸೀಟು. ಇಳಿದು ನನ್ನ ಅಂಗಡಿ ಮುಂದೆಯೇ ನಿಂತ.

"ಎಜೆ, ಸೀಟಿಗೆ ಬಟ್ಟೆ ಹೊಲೀಬೇಕಿತ್ತು."

"ಹೊಸ ಬಟ್ಟೆನೇ ಇದೆಯಲ್ಲಪ್ಪ."

ಅವನು ಪಕ್ಕದ ಬಾಗಿಲ ಕಡೆ ನೋಡಿದ. "ಜೆಜ್ದೆ ಇದಾರಾ?" ಅಕ್ಕನ ಗಂಡನನ್ನು ಅವರು ಕರೆಯುವುದು ಹಾಗೆ.

"ಇದ್ದಾನೆ. ಗೋಡೆ ನನ್ನದು, ಬಾಗಿಲು ಅಲ್ಲಿದೆ."

ಅಷ್ಟರಲ್ಲಿ ಸುಯೂನ್ ತಾನೇ ಹೊರಗೆ ಬಂದ. ಇಬ್ಬರೂ ಕೈ ಕುಲುಕಿದರು. ಕ್ಷೇಮ ಸಮಾಚಾರ ಕೇಳಿಕೊಂಡರು, ದನ ಕುರಿಯದ್ದೂ ಸೇರಿ. ಆಮೇಲೆ ಕಾಸಿಮಾಲಿ ವಿಷಯಕ್ಕೆ ಬಂದ. ಬೇರೆ ಕಡೆ ಸ್ಪೀಕರು ಹಾಕಿಸಿದ್ದನಂತೆ. ನಾರೀನ್ ದಾರಿಯಲ್ಲಿ ಹೆಂಗಸರಿಗೆ ತಲೆಶೂಲೆ ಬರುತ್ತದೆ, ಹಾಡು ನಿಲ್ಲಿಸು ಅಂತಾರೆ, ಹಾಡಿಲ್ಲದೆ ತನಗೆ ನಿದ್ದೆ ಬರುತ್ತದೆ.

"ಕೇಳಿಸ್ತೀನಿ ನೋಡಿ," ಎಂದು ಹಾಡು ಹಾಕಿದ.

ಮೂರು ತಂತಿಯ ಕೊಮುಜ್ ವಾದ್ಯ ಮೀಟುತ್ತ ಒಬ್ಬ ಹೆಂಗಸು ಹಾಡುತ್ತಿದ್ದಳು. ಅವಳ ಒಂದೊಂದು ಮಾತೂ ನನ್ನ ಹಲ್ಲಿಗೆ ಸೂಜಿ ಇಟ್ಟಂತೆ ಆಯಿತು. ಹೊಲಿಗೆ ಯಂತ್ರದ ಮುಂದೆ ಆಯುಷ್ಯ ಕಳೆದ ನಾನೇ ಕಿವಿ ಮುಚ್ಚಿಕೊಂಡೆ. ಸುಯೂನ್ ಕಿಟಕಿಯೊಳಗೆ ತಲೆ ಹಾಕಿ, ಟ್ವೀಟರಿನ ಹತ್ತಿರವೇ ಕಿವಿ ಇಟ್ಟು, ಶಾಂತವಾಗಿ ನಿಂತಿದ್ದ.

"ಏನು ತೊಂದರೆ?" ಎಂದ. "ಸರಿಯಾಗೇ ಇದೆಯಲ್ಲ."

ಕಾಸಿಮಾಲಿಯ ಮುಖ ಕೆಂಪಾಯಿತು. "ತಮಾಷೆ ಮಾಡ್ತಿದೀರಾ ಜೆಜ್ದೆ? ಆ ಕೋಪ ಇಲ್ಲಿ ತೀರಿಸ್ಕೋತೀರಾ? ಬೇಡ ಅಂದ್ರೆ ಬೇಡ ಅನ್ನಿ, ಹೋಗ್ತೀನಿ."

"ತಮಾಷೆ ಅಲ್ಲ." ಸುಯೂನ್ ತಲೆ ಹೊರಗೆ ತೆಗೆದ. "ನಂಗೆ ಅದು ಕೇಳಿಸಲ್ಲ."

"ಯಾವುದು?"

"ಟ್ವೀಟರು. ಮೇಲಿನ ಸ್ವರ ಯಾವುದೂ ಕೇಳಿಸಲ್ಲ. ಹುಡುಗನಾಗಿದ್ದಾಗ ಯಾರ ಕಾರಿನ ಸದ್ದು ಜೋರು ಅನ್ನೋ ಪಂದ್ಯಕ್ಕೆ ಹೋಗ್ತಿದ್ದೆನಲ್ಲ, ಪೆಟ್ಟಿಗೆಗೆ ತಲೆ ಕೊಟ್ಟು ನಿಲ್ತಿದ್ವಿ. ಆಗಲೇ ಹೋಯ್ತು."

ಕಾಸಿಮಾಲಿ ಹಾಡು ನಿಲ್ಲಿಸಿದ. "ಮತ್ತೆ ಇಷ್ಟು ವರ್ಷ ಹೇಗೆ..."

"ನಿಮ್ಮಕ್ಕ ಕೇಳ್ತಿದ್ದಳು. ನಾನು ಕೂರಿಸ್ತಿದ್ದೆ."

ನಾನು ಬಾಗಿಲಲ್ಲೇ ನಿಂತಿದ್ದೆ. ಪಕ್ಕದಲ್ಲೇ ಇಷ್ಟು ಕಾಲ ಇದ್ದು ನನಗೆ ಗೊತ್ತಾಗಿರಲಿಲ್ಲ.

"ಅವಳು ಹೋದ ಮೇಲೆ ಎಲ್ಲರಿಗೂ ಒಂದೇ ಜಾಗದಲ್ಲಿ ಹಾಕ್ತಿದೀನಿ," ಎಂದ ಸುಯೂನ್, ಬೇರೆ ಯಾರದೋ ಸಂಗತಿ ಹೇಳುವವನ ಹಾಗೆ. "ಇವನ್ಯಾರೋ ನಿನಗೆ ಹಾಕಿದಾನಲ್ಲ, ಅದೇ ಜಾಗ."

ಕಾಸಿಮಾಲಿ ಬೆರಳಲ್ಲಿ ಕೀಲಿಕೈ ತಿರುಗಿಸಿದ. ಆಮೇಲೆ, ನೆಲ ನೋಡುತ್ತಾ, "ಅವತ್ತು ನಾವೆಲ್ಲ ಅಳ್ತಿದ್ವಲ್ಲ... ಅದೂ ಕೇಳಿಸ್ಲಿಲ್ವಾ ನಿಮಗೆ?" ಎಂದು ಕೇಳಿದ. ಕೇಳಿಸಲಿಲ್ಲ ಎನ್ನಲಿ ಎಂದು ಅವನು ಬಯಸುತ್ತಿದ್ದ ಎಂದು ನನಗೆ ಅನ್ನಿಸಿತು.

"ಕೇಳಿಸ್ತು. ಅದು ದಪ್ಪ ಸ್ವರ, ಚೆನ್ನಾಗಿ ಕೇಳಿಸ್ತು. ನನ್ನಿಂದ ಬರ್ಲಿಲ್ಲ, ಅಷ್ಟೇ. ಈಗ್ಲೂ ಬಂದಿಲ್ಲ. ಕಲ್ಲು ಅಂದೆಯಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಒಳಗೆ ಹಾಗೇ ಇದೆ."

ನಾನು ಚಹಾ ತಂದುಕೊಟ್ಟೆ. ಮೂವರೂ ಕುಡಿದೆವು. ಬಟ್ಟಲು ಕೆಳಗಿಟ್ಟು ಸುಯೂನ್, "ಕೂರು. ನೀನು ಕೇಳು, ನಾನು ಜರುಗಿಸ್ತೀನಿ," ಎಂದ.

ಸಲಕರಣೆ ಪೆಟ್ಟಿಗೆಯ ತಳದಿಂದ ಮೇಣದ ಮುದ್ದೆ ಹೊರಬಂತು. ಗಟ್ಟಿಯಾಗಿ ಹೋಗಿತ್ತು. ಅವನು ಅದನ್ನು ಅಂಗೈಯಲ್ಲಿ ಬಹಳ ಹೊತ್ತು ನಾದಿದ. ಟ್ವೀಟರುಗಳನ್ನು ಕಂಬದಿಂದ ಕಿತ್ತು, ಗಾಜಿನ ಕೆಳಗಿನ ಹಲಗೆಯ ಮೂಲೆಗಳಿಗೆ ಅಂಟಿಸಿದ.

"ಎಲ್ಲಿದಾಳೆ?"

"ಯಾರು?" ಎಂದ ಕಾಸಿಮಾಲಿ.

"ಹಾಡೋಳು."

"ಕಾರಲ್ಲಿದಾಳೆ."

"ಕಾರಲ್ಲಿ ಎಲ್ಲಿ?"

"ಎಲ್ಲಾ ಕಡೆ ಇದಾಳಪ್ಪ! ನಂಗೇನು ಗೊತ್ತಾಗುತ್ತೆ?"

ಸುಯೂನ್ ನನ್ನ ಕಡೆ ತಿರುಗಿದ. "ಎಜೆ, ನೀವು ಕೂರ್ತೀರಾ?"

ಕೂತೆ. ಕಣ್ಣು ಮುಚ್ಚಿದೆ. ಮೊದಲು ಎಲ್ಲವೂ ಗಾಜಿಗೆ ಬಡಿದು ಚೆಲ್ಲಿದಂತಿತ್ತು. ಹಾಗೆಂದು ಹೇಳಿದೆ. ಅವನು ಅವನ್ನು ಅಲ್ಲಿಂದ ತೆಗೆದು, ಹೊರಗನ್ನಡಿಯ ಒಳಬದಿಯಲ್ಲಿ ಕಿಟಕಿಯ ಮುಂದೆ ಇರುವ ಮೂರುಮೂಲೆಯ ಜಾಗಕ್ಕೆ ಅಂಟಿಸಿದ. ಬಾಗಿಲಿನ ದೊಡ್ಡ ಸ್ಪೀಕರಿಗೆ ಅದು ಹತ್ತಿರ, ಗಂಟಲೂ ನಾಲಿಗೆಯೂ ಕೂಡಿಕೊಳ್ಳುತ್ತವೆ. ಈಗ ಹೆಂಗಸು ಒಂದಾದಳು, ಆದರೆ ನನ್ನ ಬಲಗಿವಿಗೇ ಅಂಟಿಕೊಂಡು ಹಾಡುತ್ತಿದ್ದಳು. ಬೆರಳು ತೋರಿಸಿದೆ.

"ಬಲದ್ದು ನಿಮಗೆ ತೀರಾ ಹತ್ತಿರ ಅದಕ್ಕೇ," ಎಂದು ಅವನು ಅದರ ಮುಖವನ್ನು ನನ್ನಿಂದ ತಿರುಗಿಸಿ, ಚಾವಣಿಯ ದೀಪದ ಕಡೆಗೆ ಮಾಡಿದ. ಅವಳು ಕಿಟಕಿ ಬಿಟ್ಟು ಒಳಗೆ ಸರಿದಳು. ಇನ್ನೊಂದಿಷ್ಟು ತಿರುಗಿಸಿದ. ಎಡಗಡೆಯದನ್ನೂ ಒಂದು ಕೂದಲೆಳೆಯಷ್ಟು ಎತ್ತಿದ. ಆಮೇಲೆ ಸ್ವರಗಳನ್ನು ಹಂಚುವ ಡಬ್ಬಿ ಬಿಚ್ಚಿ ಟ್ವೀಟರುಗಳ ಮಟ್ಟವನ್ನೂ ತಗ್ಗಿಸಿದ.

ಆಗ ಅವಳು ಬಂದು ನಿಂತಳು. ಗಾಜಿನ ನಡುವೆ, ನನ್ನ ಕಣ್ಣಿನ ಎತ್ತರಕ್ಕೆ. ತುಟಿ ಬಿಚ್ಚುವುದು, ಉಸಿರು ಎಳೆಯುವುದು, ಎದೆಯ ಹತ್ತಿರ ಹಿಡಿದ ಕೊಮುಜ್, ಎಲ್ಲ ಎದುರಿಗಿದ್ದಂತೆ. ನನಗೆ ಗಾಬರಿಯಾಗಿ ಕಣ್ಣು ತೆರೆದೆ. ಗಾಜಿನಾಚೆ ಸಂತೆಯ ಕೆಸರು ಮಾತ್ರ ಇತ್ತು.

"ಎಲ್ಲಿ?" ಎಂದ ಸುಯೂನ್.

"ಮಧ್ಯೆ."

"ಸರಿ," ಎಂದು ಪೆನ್ಸಿಲಿನಿಂದ ಗುರುತು ಹಾಕಿದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

ಕಾಸಿಮಾಲಿ ಕೂತು ಕೇಳಿದ. ಹಾಡು ಮುಗಿದರೂ ಕೆಳಗೆ ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಅಳುತ್ತಿದ್ದ. ಸುಯೂನ್ ಬಾಗಿಲ ಹತ್ತಿರ ನಿಂತು, ಅವನ ಅಳು ಮುಗಿಯುವವರೆಗೂ ಕಾದು, ಆಮೇಲೆ ಕೊರೆಯುವ ಯಂತ್ರ ಕೈಗೆತ್ತಿಕೊಂಡ. "ಇಳಿ. ಚೂರು ಕಣ್ಣಿಗೆ ಬೀಳುತ್ತೆ."

ಮರುದಿನದಿಂದ ಅವನು ಆ ಬೇಸಿಗೆಯಲ್ಲಿ ಕೆಲಸ ಮಾಡಿಕೊಟ್ಟ ಕಾರುಗಳವರಿಗೆಲ್ಲ ಫೋನು ಮಾಡಿದ. ನನ್ನ ತಗಡಿನಾಚೆಯಿಂದ ಕೇಳುತ್ತಿತ್ತು. "ನಿಮ್ಮ ಟ್ವೀಟರು ತಪ್ಪು ಜಾಗದಲ್ಲಿ ಹಾಕಿದೀನಿ, ಬನ್ನಿ, ಬದಲಿಸಿಕೊಡ್ತೀನಿ."

"ಚೆನ್ನಾಗೇ ಇದೆ ಬಾಯ್ಕೆ! ಸದ್ದು ಬರ್ತಿದೆಯಲ್ಲ, ಇನ್ನೇನು ಬೇಕು?" ಹೆಚ್ಚಿನವರದು ಇದೇ ಉತ್ತರ. ಕೆಲವರು ಬಂದರು. ಅವರಿಗೆ ಅವನು ಮೊದಲೇ ಹೇಳುತ್ತಿದ್ದ: ನನಗೆ ಮೇಲಿನ ಸ್ವರ ಕೇಳಿಸುವುದಿಲ್ಲ, ನೀವೇ ಕೂತು ಬೆರಳು ತೋರಿಸಬೇಕು. ಕಿವುಡನ ಹತ್ತಿರ ಹಾಡಿನ ಕೆಲಸವೇ ಎಂದು ಕಾರು ತಿರುಗಿಸಿಕೊಂಡು ಹೋದವರೂ ಇದ್ದರು. ಅವನು ಅವರನ್ನೂ ತಡೆಯಲಿಲ್ಲ. ಕೂತವರಿಗೆ ಬೆರಳು ತೋರಿಸುವುದು ಬಾರದಿದ್ದಾಗ ತಗಡು ಬಡಿಯುತ್ತಾನೆ. ನಾನು ಹೊಲಿಗೆ ಬಿಟ್ಟು ಹೋಗುತ್ತೇನೆ.

ನಾನೇ ಒತ್ತಾಯ ಮಾಡಿ ಕಿವಿ ವೈದ್ಯರ ಹತ್ತಿರ ಕಳಿಸಿದೆ. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಒಂದು ವಾರವೂ ಹಾಕಲಿಲ್ಲ.

"ಯಾಕೋ, ಏನೂ ಕೇಳಿಸ್ಲಿಲ್ವಾ?" ಎಂದೆ.

"ಕೇಳಿಸ್ತು ಎಜೆ. ಮನೇಲಿ ಒಂದು ಗಡಿಯಾರ ಇದೆ ಅಂತ ಗೊತ್ತಾಯ್ತು." ಮತ್ತೆ ಅದರ ಮಾತು ನಾನು ಎತ್ತಲಿಲ್ಲ.

ಕಾಸಿಮಾಲಿ ಈಗ ಊರಿಗೆ ಬಂದಾಗಲೆಲ್ಲ ಅಂಗಡಿಗೆ ಬರುತ್ತಾನೆ, ಒಣಗಿದ ಮೊಸರುಂಡೆಯ ಚೀಲ ಇಟ್ಟು ಹೋಗುತ್ತಾನೆ. ಸುಯೂನ್ ಅದನ್ನು ಸಾಲಿನವರಿಗೆಲ್ಲ ಹಂಚುತ್ತಾನೆ. ಮೊನ್ನೆ ನಾನು ಅಲ್ಲೇ ಇದ್ದಾಗ ಕಾಸಿಮಾಲಿಯ ಫೋನು ಬಂತು. ನಾರೀನ್ ದಾರಿಯ ದೊಲೋನ್ ಕಣಿವೆಯಲ್ಲಿ ಹಿಮ ಕುಸಿದು ದಾರಿ ಮುಚ್ಚಿದೆ, ಬೆಳಿಗ್ಗೆಯಿಂದ ಕಾರುಗಳೆಲ್ಲ ನಿಂತಿವೆ, ಒಳಗೆ ಹಾಡು ಹಾಕಿಕೊಂಡು ಕೂತಿದ್ದೇವೆ ಎಂದು ಅವನು ಕೂಗುತ್ತಿದ್ದ.

"ಹಿಂದಿನ ಸೀಟಿನ ಅಜ್ಜಿ ಏನಂತಾರೆ ಗೊತ್ತಾ ಜೆಜ್ದೆ? ಆ ಹುಡುಗಿ ಹೊರಗೆ ಹಿಮದಲ್ಲಿ ನಿಂತು ಹಾಡ್ತಿದಾಳೆ, ಒಳಗೆ ಕೂರಿಸ್ಕೋ ಅಂತಾರೆ!" ಕಾಸಿಮಾಲಿ ಗಹಗಹಿಸಿ ನಕ್ಕ.

ಸುಯೂನ್ ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದ.

"ಎಂಜಿನ್ ಆರಿಸಬೇಡ," ಎಂದ. "ಬ್ಯಾಟರಿ ಇಳಿದುಹೋಗುತ್ತೆ."